ಹಂಚಿನ ಮನೆಯ ಒಳಮೂಲೆಗೆ ತೆರೆದ ದೋಣಿ: ಚಾವಣಿ ಬದಲಿಸಿದ ಕೆಲಸದ ವಿಮರ್ಶೆ

ಹಂಚಿನ ಮನೆ ಸೋರಲು ಆರಂಭಿಸಿದರೆ ಮೊದಲು ನೋಡಬೇಕಾದದ್ದು ಎರಡು ಇಳಿಜಾರುಗಳು ಒಳಮೂಲೆಯಲ್ಲಿ ಬಂದು ಕೂಡುವ ದೋಣಿಯನ್ನು. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಎಲ್ ಆಕಾರದ ಮನೆಯ ಚಾವಣಿಯನ್ನು ಕಳೆದ ಬೇಸಿಗೆಯಲ್ಲಿ ಪೂರ್ತಿ ಕಳಚಿ ಹೊಸದಾಗಿ ಹೊದಿಸಿದಾಗ, ರೀಪು, ಹಂಚುಗಳ ಆಯ್ಕೆ ಬೇಗ ಮುಗಿಯಿತು. ದೋಣಿಯನ್ನು ಮುಚ್ಚಬೇಕೋ ತೆರೆದಿಡಬೇಕೋ ಎಂಬ ವಿಷಯದಲ್ಲಿ ಮಾತ್ರ ಮೇಸ್ತ್ರಿಯವರೊಂದಿಗೆ ದೀರ್ಘ ಚರ್ಚೆ ನಡೆಯಿತು. ಒಂದು ಮಳೆಗಾಲ ಕಳೆದಿರುವುದರಿಂದ ಈಗ ಆ ಕೆಲಸವನ್ನು ನ್ಯಾಯವಾಗಿ ತೂಗಬಹುದು.

ಮುಚ್ಚಿದ ದೋಣಿಯಲ್ಲಿ ಎರಡೂ ಕಡೆಯ ಹಂಚುಗಳನ್ನು ಓರೆಯಾಗಿ ಕತ್ತರಿಸಿ, ಅಂಚಿಗೆ ಅಂಚು ತಾಗುವಂತೆ ಕೂರಿಸುತ್ತಾರೆ. ತಗಡು ಅಡಿಯಲ್ಲಿ ಅಡಗಿರುತ್ತದೆ. ನೋಡಲು ಅದು ನಿಜಕ್ಕೂ ಅಚ್ಚುಕಟ್ಟಾಗಿರುತ್ತದೆ, ಹಳೆಯ ಮನೆಗೆ ಒಪ್ಪುತ್ತದೆ. ಆದರೆ ಮಂಗಳೂರು ಹಂಚಿನ ಬಲವೆಲ್ಲ ಒಂದರ ತೋಡಿನಲ್ಲಿ ಇನ್ನೊಂದರ ಏಣು ಕೂರುವ ಜೋಡಣೆಯಲ್ಲಿದೆ, ಓರೆಯಾಗಿ ಕತ್ತರಿಸಿದ ಕಡೆ ಆ ಜೋಡಣೆಯೇ ಉಳಿಯುವುದಿಲ್ಲ. ಮನೆಯ ಪಕ್ಕದಲ್ಲಿ ಮರವಿದ್ದರಂತೂ ಸಂದಿಗೆ ಸೇರಿದ ಎಲೆಯನ್ನು ಹಂಚು ಎತ್ತದೆ ತೆಗೆಯಲಾಗದು. ನಮ್ಮ ಹಳೆಯ ದೋಣಿಯನ್ನು ಬಿಚ್ಚಿದಾಗ ಹೊಂಗೆ ಎಲೆ ಕೊಳೆತು ಕರಿಮಣ್ಣಾಗಿ ಹೆಪ್ಪುಗಟ್ಟಿತ್ತು. ಅದರಡಿಯ ಸತು ಲೇಪದ ತಗಡು ಜರಡಿಯಂತಾಗಿತ್ತು. ಮೂಲೆಯ ತೊಲೆಯ ತುದಿ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಎರಡೂ ಕಡೆಯ ಹೊದಿಕೆಯನ್ನು ಜಡೆಯ ಹಾಗೆ ಹೆಣೆಯುವ ಇನ್ನೊಂದು ಕ್ರಮವೂ ಉಂಟು, ಆದರೆ ಅದು ಬಾಗುವ ಡಾಂಬರು ಶಿಂಗಲ್‌ ಎಂಬ ಹೊದಿಕೆ ಹಾಳೆಗಳಿಗೆ ಮಾತ್ರ ಸಾಧ್ಯ.

ಚಾವಣಿಯ ಇಳಿಜಾರು ಸಾಕಷ್ಟಿದ್ದರೆ ದೋಣಿಯೂ ಚೆನ್ನಾಗಿ ಹರಿಯುತ್ತದೆ ಎಂದು ನಂಬುವವರು ಬಹಳ ಮಂದಿ. ಲಂಬಕೋನದಲ್ಲಿ ಕೂಡುವ ಎರಡು ಇಳಿಜಾರುಗಳು 30 ಡಿಗ್ರಿ ಇದ್ದರೆ ಅವುಗಳ ನಡುವಿನ ದೋಣಿ ಸುಮಾರು 22 ಡಿಗ್ರಿ ಮಾತ್ರ ಇರುತ್ತದೆ. ಹೀಗೆ ಎರಡು ಚಾವಣಿಗಳ ನೀರು ಅತ್ಯಂತ ಕಡಿಮೆ ಇಳಿಜಾರಿನ ಜಾಗಕ್ಕೇ ಬಂದು ಬೀಳುತ್ತದೆ. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿ.ಮೀ. ಅಷ್ಟೇ ಆದರೂ, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಅದು ಒಮ್ಮೆಲೇ ಸುರಿಯುವುದನ್ನು ಮರೆಯಬಾರದು.

ಆದ್ದರಿಂದ ನಾವು ಎರಡು ಕಡೆಯ ಹಂಚುಗಳ ನಡುವೆ ತಗಡು ಕಾಣುವಂತೆ ಬಿಡುವ ತೆರೆದ ದೋಣಿಯನ್ನೇ ಆರಿಸಿದೆವು. ಅಲ್ಯೂಮಿನಿಯಂ ಮತ್ತು ಸತು ಲೇಪದ ತಗಡನ್ನು ಬಾಗಿಸಿ, ನಟ್ಟನಡುವೆ ಒಂದು ಅಂಗುಲ ಎತ್ತರದ ಏಣು ಬರುವಂತೆ ಮಾಡಿಸಿದೆವು. ಒಂದು ಕಡೆಯಿಂದ ರಭಸವಾಗಿ ಇಳಿದ ನೀರು ಎದುರಿನ ಹಂಚಿನಡಿಗೆ ನುಗ್ಗದಂತೆ ಈ ಏಣು ತಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಖರ್ಚಿನಲ್ಲಿ ಸಾರ್ಥಕವಾದದ್ದು ಇದೇ. ತಗಡಿನ ಎರಡೂ ಅಂಚುಗಳನ್ನು ಮೇಲಕ್ಕೆ ಮಡಿಚಿ ಕ್ಲಿಪ್ಪಿನಿಂದ ಹಿಡಿಸಿದ್ದಾರೆ, ನೀರು ಹರಿಯುವ ಭಾಗದಲ್ಲಿ ಒಂದೂ ಮೊಳೆಯಿಲ್ಲ.

ಮೇಸ್ತ್ರಿಯವರ ತಂಡದ ಕೈಚಳಕ ಕಂಡದ್ದು ತ್ರಿಕೋನದ ತುಂಡು ಹಂಚುಗಳಲ್ಲಿ. ಕತ್ತರಿಸಿದ ತುಂಡಿಗೆ ರೀಪನ್ನು ಕಚ್ಚುವ ಮೂಗು ಇರುವುದಿಲ್ಲವಾದ್ದರಿಂದ ಅದು ಜಾರುತ್ತದೆ. ಸಾಮಾನ್ಯವಾಗಿ ಇವುಗಳನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸುತ್ತಾರೆ, ಆದರೆ ಹಸಿ ಸಿಮೆಂಟಿನ ಕ್ಷಾರವು ದೋಣಿ ತಗಡಿನ ಲೇಪವನ್ನು ತಿನ್ನುತ್ತದೆ. ಇವರು ಪ್ರತಿ ತುಂಡಿಗೂ ತೂತು ಕೊರೆದು ತುಕ್ಕು ಹಿಡಿಯದ ಸ್ಟೀಲ್ ತಂತಿಯಿಂದ ರೀಪಿಗೆ ಕಟ್ಟಿದರು. ತಾಮ್ರದ ತಂತಿ ಬೇಡವೆಂದು ಅವರೇ ಹೇಳಿದ್ದು ಮೆಚ್ಚಬೇಕಾದ ಮಾತು, ತಾಮ್ರದ ಮೇಲೆ ಹರಿದ ನೀರು ಸತುವನ್ನು ಬೇಗ ಸವೆಸುತ್ತದೆ.

ದೂರೂ ಒಂದಿದೆ. ಸೂರಿನಲ್ಲಿ ತಗಡನ್ನು ಅಂಚಿನ ಹಲಗೆಗೆ ಸಮನಾಗಿ ಕತ್ತರಿಸಿಬಿಟ್ಟಿದ್ದರು. ಮೊದಲ ದೊಡ್ಡ ಮಳೆಯಲ್ಲೇ ನೀರು ತಗಡಿನಡಿಗೆ ಮರಳಿ ಹಲಗೆಯನ್ನು ತೋಯಿಸಿತು. ತಿಳಿಸಿದ ಮೇಲೆ ಬಂದು, ಹಳೆಯ ತಗಡಿನ ಕೆಳಗೆ ಹೊಸ ತುಂಡೊಂದನ್ನು ಸೇರಿಸಿ ಹೊರಕ್ಕೆ ಚಾಚಿಸಿದರು. ಹೆಚ್ಚಿನ ಕೂಲಿ ಕೇಳಲಿಲ್ಲ. ಅವರು ಕೊಟ್ಟಿದ್ದ ಅಂದಾಜು ಪಟ್ಟಿಯಲ್ಲಿ ‘ದೋಣಿ ತಗಡು’ ಎಂದಷ್ಟೇ ಇತ್ತು. ಇವರಿಂದ ಕೆಲಸ ಮಾಡಿಸುವವರು ತಗಡಿನ ದಪ್ಪ, ನಡುವಿನ ಏಣು, ಸೂರಿನಾಚೆಗಿನ ಚಾಚು ಇವನ್ನೆಲ್ಲ ಆ ಪಟ್ಟಿಯಲ್ಲೇ ಬರೆಸಿಕೊಳ್ಳಬೇಕು.