ಪೆಕ್ಟಿನ್ ಅಧ್ಯಯನಕ್ಕೆ ಯಾವ ಪ್ರತಿಕಾಯ: ಎಲ್‌ಎಂ19, ಎಲ್‌ಎಂ20 ಅಥವಾ 2ಎಫ್4?

ಪೇರಲ ಹಣ್ಣು ಮಾಗುತ್ತ ಮೆತ್ತಗಾಗುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಹೊರಟ, ಪುಣೆಯಲ್ಲಿ ಓದುತ್ತಿರುವ ನಮ್ಮ ಕನ್ನಡದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ಮಾನೋಕ್ಲೋನಲ್ ಪ್ರತಿಕಾಯವನ್ನು (ನಿರ್ದಿಷ್ಟ ಗುರಿಗಷ್ಟೇ ಅಂಟುವ ಪ್ರೋಟೀನು) ತರಿಸಿಕೊಳ್ಳಲು ಬಯಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎಲ್‌ಎಂ19 ಮತ್ತು ಎಲ್‌ಎಂ20 ಎರಡನ್ನೂ ಜೋಡಿಯಾಗಿ ಕೊಳ್ಳುವುದೇ ಲೇಸು.

ಎಲ್‌ಎಂ19 ಮಿಥೈಲ್ ಎಸ್ಟರ್ ಎಂಬ ಸಣ್ಣ ರಾಸಾಯನಿಕ ಗುಂಪು ಇಲ್ಲದ ಹೋಮೋಗ್ಯಾಲಕ್ಟುರೊನಾನ್‌ಗೆ, ಅಂದರೆ ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್‌ನ ಮುಖ್ಯ ಸರಪಳಿಗೆ, ಬಲವಾಗಿ ಅಂಟಿಕೊಳ್ಳುತ್ತದೆ. ಎಲ್‌ಎಂ20ಕ್ಕೆ ಎಸ್ಟರ್ ಇರಲೇಬೇಕು. ಆದ್ದರಿಂದ ಹಣ್ಣಿನ ಒಂದು ತೆಳುವಾದ ಛೇದವನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ನೆನೆಸಿ ಎಸ್ಟರ್‌ಗಳನ್ನು ಕಳಚಿದರೆ ಎಲ್‌ಎಂ20ರ ಹೊಳಪು ಅಳಿಯಬೇಕು, ಎಲ್‌ಎಂ19ರದು ಹೆಚ್ಚಬೇಕು. ಇಷ್ಟು ಸುಲಭದ ಪರೀಕ್ಷೆ ಬೇರೆ ಸಿಗದು. 1990ರಲ್ಲಿ ಪ್ರಕಟವಾದ ಜೆಐಎಂ5 ಮತ್ತು ಜೆಐಎಂ7 ಇದೇ ಕೆಲಸದ ಹಳೆಯ ಜೋಡಿಯಾಗಿದ್ದು, ಹಿಂದಿನ ಪ್ರಬಂಧಗಳೊಡನೆ ಹೋಲಿಸಬೇಕಾದವರಿಗೆ ಇಂದಿಗೂ ಉಪಯುಕ್ತ. ಆದರೆ ಜೆಐಎಂ5 ಭಾಗಶಃ ಎಸ್ಟರ್ ಇರುವ ಸರಪಳಿಯನ್ನೂ ಗುರುತಿಸುವುದರಿಂದ ಅದರ ಫಲಿತಾಂಶವನ್ನು ಎಚ್ಚರದಿಂದ ಓದಬೇಕು.

2ಎಫ್4ರ ಸ್ವಭಾವವೇ ಬೇರೆ. ಅದು ಕ್ಯಾಲ್ಸಿಯಂ ಬೆಸೆದ ಪೆಕ್ಟಿನ್ ಸರಪಳಿಗಳನ್ನು ಹಿಡಿಯುತ್ತದೆ. ನಾನು ಮೊದಲ ಸಲ ರೂಢಿಯಂತೆ ಫಾಸ್ಫೇಟ್ ಬಫರ್‌ನಲ್ಲೇ ತೊಳೆದು, ಕತ್ತಲೆಯ ಚಿತ್ರಗಳನ್ನು ಇಡೀ ದಿನ ನೋಡುತ್ತ ಕುಳಿತಿದ್ದೆ. ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಬೆರೆಸಿದ ಟ್ರಿಸ್ ಬಫರ್ ಬಳಸಿದಾಗ ಜೀವಕೋಶಗಳು ಕೂಡುವ ಮೂಲೆಗಳು ಸಣ್ಣ ತ್ರಿಕೋನಗಳಂತೆ ಬೆಳಗಿದವು.

ಮೊದಲ ಪ್ರತಿಕಾಯಕ್ಕೆ ಅಂಟಿ ಹೊಳಪು ಕೊಡುವ ಎರಡನೆಯ ಪ್ರತಿಕಾಯವು ಮೊದಲನೆಯದು ಬಂದ ಪ್ರಾಣಿಗೆ ಹೊಂದಬೇಕಾದ್ದರಿಂದ ಅದರ ಆಯ್ಕೆಯಲ್ಲಿಯೂ ವ್ಯತ್ಯಾಸವಿದೆ: ಎಲ್‌ಎಂ ಮತ್ತು ಜೆಐಎಂ ಸರಣಿಯವು ದೊಡ್ಡ ಇಲಿಯಿಂದ (ರ್ಯಾಟ್), 2ಎಫ್4 ಚಿಟ್ಟಿಲಿಯಿಂದ (ಮೌಸ್) ಬಂದವು. ಪೇರಲದ ಕಲ್ಲುಕೋಶಗಳಲ್ಲಿರುವ ಲಿಗ್ನಿನ್ ತಾನಾಗಿಯೇ ಹೊಳೆಯುವುದರಿಂದ, ಮೊದಲ ಪ್ರತಿಕಾಯ ಹಾಕದ ಒಂದು ಛೇದವನ್ನು ಪ್ರತಿ ಸಲವೂ ಜೊತೆಗಿಟ್ಟುಕೊಳ್ಳಿ.