ಫ್ಯಾಟ್ ಟ್ರಾನ್ಸ್‌ಫರ್: ಅಂಧೇರಿಯ ಕ್ಲಿನಿಕ್‌ನ ಸೇವೆ ಮತ್ತು ಕೆನ್ನೆಯಲ್ಲಿ ಉಳಿದ ಫಲ

ತೂಕ ಇಳಿಸಿದ ಮೇಲೆ ಗುಳಿಬಿದ್ದಿದ್ದ ಕೆನ್ನೆಗಳಿಗೆ ಹೊಟ್ಟೆಯ ಕೊಬ್ಬನ್ನೇ ತೆಗೆದು ತುಂಬಿಸುವ ಚಿಕಿತ್ಸೆಯನ್ನು ನಾನು ಮುಂಬಯಿಯ ಅಂಧೇರಿಯಲ್ಲಿರುವ ಒಂದು ಕಾಸ್ಮೆಟಿಕ್ ಸರ್ಜರಿ ಕ್ಲಿನಿಕ್‌ನಲ್ಲಿ ಮಾಡಿಸಿಕೊಂಡು ವರ್ಷ ಕಳೆದಿದೆ. ಮೊದಲ ತಿಂಗಳಲ್ಲಿ ಕನ್ನಡಿಯಲ್ಲಿ ಕಾಣುವ ತುಂಬುಗೆನ್ನೆಯಲ್ಲಿ ಊತವೂ ಸೇರಿರುವುದರಿಂದ, ಆಗ ಬರೆದ ಅಭಿಪ್ರಾಯ ಯಾರಿಗೂ ಉಪಯೋಗವಾಗದು. ಹಾಗಾಗಿ ಇಷ್ಟು ಕಾಲ ಕಾದು ಬರೆಯುತ್ತಿದ್ದೇನೆ.

ಈ ಕ್ಲಿನಿಕ್‌ನ ಬಗ್ಗೆ ನನಗೆ ಗೌರವ ಮೂಡಿದ್ದು ಮೊದಲ ಭೇಟಿಯಲ್ಲೇ. ‘ಎಷ್ಟು ವರ್ಷ ಇರುತ್ತದೆ ಡಾಕ್ಟ್ರೇ?’ ಎಂದು ಕೇಳಿದಾಗ ಸರ್ಜನ್ ‘ಶಾಶ್ವತ’ ಎಂದು ಹೇಳಿ ಕಳಿಸಲಿಲ್ಲ. ತುಂಬಿಸಿದ ಕೊಬ್ಬೆಲ್ಲ ಬದುಕುವುದಿಲ್ಲ, ಸಾಮಾನ್ಯವಾಗಿ ಅರ್ಧದಷ್ಟು, ಕೆಲವರಲ್ಲಿ ಅದಕ್ಕಿಂತ ಹೆಚ್ಚು, ಕೆಲವರಲ್ಲಿ ಕಡಿಮೆ ಉಳಿಯುತ್ತದೆ ಎಂದು ವಿವರಿಸಿದರು. ಹೊಸ ಜಾಗದಲ್ಲಿ ಕೊಬ್ಬಿನ ಜೀವಕೋಶಗಳಿಗೆ ಮೊದಲ ಕೆಲವು ದಿನ ಸ್ವಂತ ರಕ್ತನಾಳಗಳಿರುವುದಿಲ್ಲ. ಸುತ್ತಲಿನ ಅಂಗಾಂಶದಿಂದ ಒಸರುವ ದ್ರವದಲ್ಲೇ ಅವು ಬದುಕಬೇಕು. ಅಷ್ಟರಲ್ಲಿ ಹೊಸ ರಕ್ತನಾಳಗಳು ತಲುಪಿದ ಕೋಶಗಳು ಉಳಿಯುತ್ತವೆ, ಮಿಕ್ಕವನ್ನು ದೇಹ ಕರಗಿಸಿಬಿಡುತ್ತದೆ. ಮೂರರಿಂದ ಆರು ತಿಂಗಳ ಹೊತ್ತಿಗೆ ಉಳಿದದ್ದು ನಮ್ಮದೇ ಜೀವಂತ ಕೊಬ್ಬಾದ್ದರಿಂದ ಅದು ವರ್ಷಗಟ್ಟಲೆ ಇರುತ್ತದೆ, ಆದರೆ ತೂಕ ಇಳಿದರೆ ಅದೂ ಇಳಿಯುತ್ತದೆ, ತೂಕ ಏರಿದರೆ ಉಬ್ಬುತ್ತದೆ. ವಯಸ್ಸಂತೂ ತನ್ನ ಪಾಡಿಗೆ ಮುಂದುವರಿಯುತ್ತದೆ. ತೂಕ ಸ್ಥಿರವಾಗುವವರೆಗೆ ಆಪರೇಷನ್ ಬೇಡ ಎಂದು ಅವರು ನನ್ನನ್ನು ಕಾಯಿಸಿದ್ದು ಇದೇ ಕಾರಣಕ್ಕೆ. ಹಣ ಬರುವ ಕೆಲಸವನ್ನು ಹೀಗೆ ಮುಂದೂಡುವ ಕ್ಲಿನಿಕ್‌ಗಳು ಈ ನಗರದಲ್ಲಿ ವಿರಳ.

ಆಪರೇಷನ್ ದಿನ ಸ್ಥಳೀಯ ಅರಿವಳಿಕೆಯ ಜೊತೆಗೆ ಹಗುರವಾದ ಮಂಪರು ಕೊಟ್ಟಿದ್ದರಿಂದ ನನಗೆ ಅರ್ಧ ಎಚ್ಚರವಿತ್ತು. ಕಾರ್ಕಳದ ಕಡೆಯ ನರ್ಸ್ ಒಬ್ಬರು ಸೆಂಟ್ರಿಫ್ಯೂಜ್ ಎಂಬ, ಪದರಗಳನ್ನು ಬೇರ್ಪಡಿಸುವ ಯಂತ್ರದಲ್ಲಿ ತಿರುಗಿಸಿದ ಸಿರಿಂಜನ್ನು ನನ್ನತ್ತ ಹಿಡಿದು ತೋರಿಸಿದರು. ಮೇಲೆ ಎಣ್ಣೆಯ ತಿಳಿಪದರ, ಕೆಳಗೆ ರಕ್ತ ಬೆರೆತ ನೀರು, ನಡುವೆ ಹಳದಿ ಕೊಬ್ಬು. ಆ ನಡುವಿನ ಪದರವನ್ನಷ್ಟೇ ಸಣ್ಣ ಸಿರಿಂಜ್‌ಗಳಿಗೆ ತುಂಬಿ, ಕ್ಯಾನುಲಾ ಎಂಬ ಮೊಂಡುತುದಿಯ ತೆಳು ಕೊಳವೆಯಿಂದ ಬೇರೆ ಬೇರೆ ಆಳದಲ್ಲಿ ಹನಿಹನಿಯಾಗಿ ಬಿಟ್ಟರು. ಒಂದೇ ಕಡೆ ಗುಪ್ಪೆಯಾಗಿ ಬಿಟ್ಟರೆ ಒಳಭಾಗಕ್ಕೆ ರಕ್ತ ತಲುಪದೆ ಕೊಬ್ಬು ಸಾಯುತ್ತದೆ, ಗಂಟಾಗುವುದೂ ಉಂಟು. ಮುಖದ ರಕ್ತನಾಳದೊಳಕ್ಕೆ ಕೊಬ್ಬು ಹೋದರೆ ದೃಷ್ಟಿ ಕಳೆದುಕೊಳ್ಳುವ ಅಪಾಯವೂ ಇದೆ. ಇದು ಅಪರೂಪ, ಆದರೆ ಸಣ್ಣ ವಿಷಯವಲ್ಲ. ಆದ್ದರಿಂದ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಡಿಆರ್.ಎನ್.ಬಿ.) ಪದವಿ ಇರುವವರ ಬಳಿಗೇ ಹೋಗಬೇಕು. ಬ್ಯೂಟಿ ಪಾರ್ಲರ್‌ಗೆ ಅಂಟಿಕೊಂಡ ‘ಸ್ಕಿನ್ ಸೆಂಟರ್’ಗಳಲ್ಲಿ ಇದನ್ನು ಖಂಡಿತ ಮಾಡಿಸಬಾರದು.

ಆರೈಕೆಯ ಸೂಚನೆಗಳನ್ನು ಆ ನರ್ಸ್ ಕನ್ನಡದಲ್ಲೇ ಬಿಡಿಸಿ ಹೇಳಿದರು: ‘ಅಕ್ಕಾ, ಮಗ್ಗುಲಾಗಿ ಮಲಗಬೇಡಿ, ಕೆನ್ನೆ ಉಜ್ಜಬೇಡಿ, ಸದ್ಯಕ್ಕೆ ಲೋಕಲ್ ಟ್ರೈನ್ ರಶ್‌ನಲ್ಲಿ ಹತ್ತಲೇಬೇಡಿ.’ ಸಂಜೆಯ ಲೇಡೀಸ್ ಡಬ್ಬಿಯಲ್ಲಿ ನಿಂತವರಿಗೆ ಆ ಕೊನೆಯ ಮಾತಿನ ಬೆಲೆ ಗೊತ್ತು. ಧೂಮಪಾನ ರಕ್ತನಾಳಗಳನ್ನು ಸಂಕುಚಿಸುವುದರಿಂದ, ಸಿಗರೇಟಿನ ಅಭ್ಯಾಸ ಇರುವವರಿಗೆ ಅದನ್ನು ಮುಂಚೆಯೇ ಬಿಡುವಂತೆ ಹೇಳುತ್ತಾರೆ.

ಬೇಸರ ತಂದದ್ದು ಬಿಲ್ಲು. ಮೊದಲು ಹೇಳಿದ ಮೊತ್ತದಲ್ಲಿ ಅರಿವಳಿಕೆ ತಜ್ಞರ ಶುಲ್ಕವೂ ಇರಲಿಲ್ಲ, ಶೇ. 18ರ ಜಿ.ಎಸ್.ಟಿ.ಯೂ ಇರಲಿಲ್ಲ. ಸೌಂದರ್ಯಕ್ಕಾಗಿ ಮಾಡಿಸುವ ಸರ್ಜರಿಗೆ ಆರೋಗ್ಯ ಸೇವೆಯ ತೆರಿಗೆ ವಿನಾಯಿತಿ ಇಲ್ಲ, ವಿಮೆಯೂ ಸಿಗುವುದಿಲ್ಲ. ವೈದ್ಯಕೀಯ ವಿಷಯದಲ್ಲಿ ಅಷ್ಟು ಪ್ರಾಮಾಣಿಕರಾದವರು ಲೆಕ್ಕದಲ್ಲೂ ಹಾಗೆಯೇ ಇರಬೇಕಿತ್ತು.

ಗುಳಿ ತುಂಬಿದರೆ ಮುಖ ಹೇಗೆ ಕಾಣಬಹುದೆಂಬ ಅನುಮಾನ ಇರುವವರಿಗೆ ಮೊದಲು ಹಯಲುರೋನಿಕ್ ಆಮ್ಲದ ಫಿಲ್ಲರ್ (ಚರ್ಮದಡಿಗೆ ಚುಚ್ಚಿ ತುಂಬಿಸುವ ಜೆಲ್) ಮೇಲು ಎನ್ನುವುದು ನನ್ನ ಅಭಿಪ್ರಾಯ. ಅದು ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ತಾನಾಗಿ ಕರಗುತ್ತದೆ, ಇಷ್ಟವಾಗದಿದ್ದರೆ ಇಂಜೆಕ್ಷನ್ ಕೊಟ್ಟು ಬೇಗನೆ ಕರಗಿಸಲೂಬಹುದು. ಕೊಬ್ಬಿಗೆ ಆ ಸೌಲಭ್ಯವಿಲ್ಲ. ನನಗೆ ಬಲಗೆನ್ನೆಯಲ್ಲಿ ಚೆನ್ನಾಗಿ ಉಳಿದಿದೆ, ಎಡಗೆನ್ನೆಯಲ್ಲಿ ತುಸು ಕಡಿಮೆ. ಆರು ತಿಂಗಳ ತಪಾಸಣೆಯಲ್ಲಿ ಸರ್ಜನ್ ಅದನ್ನು ತಾವಾಗಿಯೇ ಗುರುತಿಸಿ, ಬೇಕಿದ್ದರೆ ಇನ್ನೊಮ್ಮೆ ಸ್ವಲ್ಪ ತುಂಬಿಸಬಹುದು ಎಂದರು. ನಾನು ಸದ್ಯಕ್ಕೆ ಬೇಡವೆಂದಿದ್ದೇನೆ, ಅವರೂ ಒತ್ತಾಯಿಸಿಲ್ಲ.