ನಾದಿಟ್ಟ ಹಿಟ್ಟಿನ ರೊಟ್ಟಿ ಕೊಡದ ಖಾನಾವಳಿ

ವಿಜಯಪುರದ ಸ್ಟೇಶನ್ ರಸ್ತೆಗೆ ಹತ್ತಿದ ಓಣಿಯೊಂದರಲ್ಲಿರುವ ಈ ಖಾನಾವಳಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಸಾಲು ಬರೆದಿದೆ: ‘ನಾದಿಟ್ಟ ಹಿಟ್ಟಿನ ರೊಟ್ಟಿ ಕೊಡಂಗಿಲ್ಲ.’ ಮಧ್ಯಾಹ್ನ ಒಂದೂವರೆಗೆ ಹೋದರೆ ಹದಿನೈದು ನಿಮಿಷ ಕಾಯಬೇಕಾಗುತ್ತದೆ. ‘ಕುಂಡ್ರಿ ಅಣ್ಣಾರ, ಎಸರು ಕುದೀಲಿಕ್ಹತ್ತೇದ’ ಎನ್ನುತ್ತಾರೆ. ಅವಸರದವರು ‘ಇವರದು ಭಾಳ ಆದರ್ಶ ಬಿಡ್ರಿ’ ಎಂದು ಎದ್ದು ಹೋಗುತ್ತಾರೆ.

ಇಲ್ಲಿ ಆದರ್ಶ ಎಂದರೆ ಏನೆಂದು ರೊಟ್ಟಿಯನ್ನು ನೋಡಿಯೇ ತಿಳಿಯಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ನೀರಿಗೆ ಪಿಷ್ಟ ಉಬ್ಬಿ ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲಿಗಿಂತ ತುಸು ಹೆಚ್ಚು ಎಸರು ಬೇಕು, ಅದೂ ಕುದಿಯುತ್ತಿರುವಾಗಲೇ. ನೀರು ಉಗುರುಬೆಚ್ಚಗಿದ್ದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ನಾದಿದ ಹಿಟ್ಟು ಅರ್ಧ ಗಂಟೆ ಕುಳಿತರೆ ಜಿಗಿ ಹೋಗುತ್ತದೆ, ಬೀಸಿ ಬಹಳ ದಿನವಾದ ಹಿಟ್ಟಿಗೂ ಅದೇ ಗತಿ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆ ಸವರಬೇಕು; ತಡವಾದರೆ ಒಣಹಿಟ್ಟು ಬೆಳ್ಳಗೆ ಉಳಿದು ಬಿರುಕು ಬಿಡುತ್ತದೆ. ಬಡಿತ ಒಂದೇ ಸಮ ಇರದಿದ್ದರೆ ದಪ್ಪಗಿರುವ ಕಡೆ ಉಬ್ಬುವುದಿಲ್ಲ.

ಒಮ್ಮೆಗೆ ಐದಾರು ರೊಟ್ಟಿಯಷ್ಟೇ ನಾದುವುದರಿಂದ ಇಲ್ಲಿ ಉರುವಲು ಹೆಚ್ಚು ಹೋಗುತ್ತದೆ, ಗಿರಾಕಿ ಕಡಿಮೆಯಾಗುತ್ತಾರೆ. ಗೊತ್ತಿದ್ದೂ ಅಳತೆ ಬಿಟ್ಟಿಲ್ಲ. ಸಂಸ್ಕೃತದಲ್ಲಿ ಆದರ್ಶ ಎಂದರೆ ಕನ್ನಡಿ, ಕಠೋಪನಿಷತ್ತಿನಲ್ಲಿ ಪದ ಬಂದಿರುವುದೂ ಅದೇ ಅರ್ಥದಲ್ಲಿ. ಕನ್ನಡಿ ನೋಡಿ ಮುಖ ತಿದ್ದಿಕೊಳ್ಳುವ ಹಾಗೆ ಮಾಡಿದ ಕೆಲಸವನ್ನು ತಿದ್ದಿಕೊಳ್ಳುವ ಅಳತೆ ಅದು. ಹಗಲುಗನಸಿಗೆ ಆ ಹೆಸರು ಒಪ್ಪುವುದಿಲ್ಲ.

ಆದರ್ಶಕ್ಕೆ ಇಂಗ್ಲಿಷಿನಲ್ಲಿ ಐಡಿಯಲ್ ಎನ್ನುತ್ತಾರೆ. ಆದರೆ ತತ್ವಶಾಸ್ತ್ರದ ಐಡಿಯಲಿಸಂ ಬೇರೆಯೇ ಪ್ರಶ್ನೆ ಎತ್ತುತ್ತದೆ: ವಸ್ತು ಮನಸ್ಸನ್ನು ಬಿಟ್ಟು ಇರುತ್ತದೆಯೇ? ಕನ್ನಡದಲ್ಲಿ ಇದನ್ನೂ ಆದರ್ಶವಾದ ಎಂದುಬಿಟ್ಟಾಗ ಗೊಂದಲ ಹುಟ್ಟುತ್ತದೆ. ಭಾವನಾವಾದ ಎನ್ನುವುದೇ ಲೇಸು. ‘ಇರುವುದೆಂದರೆ ಅರಿವಿಗೆ ಬರುವುದು’ ಎಂಬ ವಾದವನ್ನು ಐರಿಶ್ ತತ್ವಜ್ಞಾನಿ ಬರ್ಕ್ಲಿ ಮುಂದಿಟ್ಟದ್ದು 1710ರಲ್ಲಿ. ರೊಟ್ಟಿ ಸುಳ್ಳು ಎಂದು ಆತ ಹೇಳಲಿಲ್ಲ. ಬಿಸಿ, ರುಚಿ, ಬಣ್ಣ ಎಲ್ಲ ನಿಜವೇ, ಅವುಗಳ ಹಿಂದೆ ಯಾರ ಅರಿವಿಗೂ ಬಾರದ ಜಡವಸ್ತು ಬೇಕಿಲ್ಲ ಎಂದ, ಅಷ್ಟೇ. 1781ರಲ್ಲಿ ಜರ್ಮನಿಯ ಕಾಂಟ್ ಇನ್ನೊಂದು ದಾರಿ ಹಿಡಿದ: ದೇಶ (ವಸ್ತುಗಳಿರುವ ಅವಕಾಶ), ಕಾಲ ನಮ್ಮ ಅರಿವಿನ ಅಚ್ಚುಗಳು; ವಸ್ತು ತನ್ನಷ್ಟಕ್ಕೆ ಹೇಗಿದೆಯೋ ಅದು ನಮಗೆ ಸಿಗದು.

ನಮ್ಮಲ್ಲಿ, ಅರಿವೊಂದೇ ಇದೆ, ಹೊರಗೆ ವಸ್ತುವಿಲ್ಲ ಎನ್ನುವ ಬೌದ್ಧ ವಿಜ್ಞಾನವಾದಿಗಳ ವಾದಕ್ಕೆ ಶಂಕರರು ಕೊಟ್ಟ ಉತ್ತರ ಊಟದ ಮಣೆಗೇ ಸೇರಿದ್ದು. ಬ್ರಹ್ಮಸೂತ್ರ 2.2.28ರ ಭಾಷ್ಯದಲ್ಲಿ ಅವರು ಹೇಳುತ್ತಾರೆ: ಹೊರಗಿನ ವಸ್ತುವನ್ನು ಅರಿಯುತ್ತಲೇ ಅದಿಲ್ಲವೆನ್ನುವುದು, ಉಣ್ಣುತ್ತ ತೃಪ್ತಿಪಡುತ್ತಲೇ ‘ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯೂ ಇಲ್ಲ’ ಎಂದಂತೆ. ಶಂಕರರ ಅದ್ವೈತವನ್ನು ಭಾವನಾವಾದವೆಂದು ಒಂದೇ ಗಂಟಿಗೆ ಕಟ್ಟುವವರು ಈ ಜಾಗವನ್ನು ಓದಲೇಬೇಕು. ಜಮಖಂಡಿಯಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ನೆಲೆಸಿದ ತತ್ವಜ್ಞಾನಿ ಗುರುದೇವ ರಾನಡೆ (1886–1957) ಅವರು ಉಪನಿಷತ್ತನ್ನೂ ಪಾಶ್ಚಾತ್ಯ ದರ್ಶನವನ್ನೂ ಪಕ್ಕಪಕ್ಕ ಇಟ್ಟು ತೂಗಿದವರು. ಈ ಚರ್ಚೆ ನಮ್ಮ ನೆಲಕ್ಕೆ ಪರಕೀಯವಲ್ಲ.

ಊಟಕ್ಕೆ 100 ರೂಪಾಯಿ: ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸಿ ಹಿಂಡಿ, ಮೊಸರು, ಅನ್ನ, ಸಾರು. ಹಸಿ ಮೆಂತ್ಯ, ಉಳ್ಳಾಗಡ್ಡಿ ಕೇಳಿದಷ್ಟು. ಎಣಗಾಯಿಗೆ ಶೇಂಗಾ, ಎಳ್ಳು, ಗುರೆಳ್ಳು ಹುರಿದು ತುಂಬಿರುತ್ತಾರೆ. ತೊಟ್ಟಿನ ತನಕ ಬೆಂದಿರುತ್ತದೆ, ಒಡೆದಿರುವುದಿಲ್ಲ. ಎರಡನೆಯ ರೊಟ್ಟಿಯನ್ನು ಮೊದಲೇ ಹಾಕಿಸಿಕೊಳ್ಳಬೇಡಿ. ಮೊದಲನೆಯದು ಮುಗಿಯುತ್ತ ಬಂದಾಗ ಕೇಳಿದರೆ ಹಂಚಿನಿಂದ ನೇರ ಬರುತ್ತದೆ.

ಕೊರತೆ ಕಡಲೆ ಹಿಟ್ಟಿನ ಜುಣಕದಲ್ಲಿದೆ. ಬೆಳಿಗ್ಗೆಯೇ ಮಾಡಿಟ್ಟದ್ದು. ಕಡಲೆ ಹಿಟ್ಟು ಆರುತ್ತ ನೀರು ಹೀರುವುದರಿಂದ ಎರಡು ಗಂಟೆಯ ಹೊತ್ತಿಗೆ ಗಂಟುಗಂಟಾಗಿರುತ್ತದೆ. ಬಿಸಿನೀರು ಬೆರೆಸಿ ತಿರುವಿ ಕೊಟ್ಟರೂ ಒಗ್ಗರಣೆಯ ಘಮ ಮರಳುವುದಿಲ್ಲ. ರೊಟ್ಟಿಗಿರುವ ಅಳತೆಯನ್ನು ಜುಣಕಕ್ಕೂ ಹಿಡಿಯಬೇಕು; ಎರಡು ಸರತಿಯಲ್ಲಿ ಮಾಡಿದರೂ ಸಾಕು. ಮೊಸರೂ ಮಧ್ಯಾಹ್ನಕ್ಕೆ ಹುಳಿ.

ನಾಲ್ಕೈದು ಜನ ಹೋಗುವವರು ಹನ್ನೆರಡೂವರೆಯೊಳಗೆ ಮುಟ್ಟುವುದು ಒಳ್ಳೆಯದು. ಖಡಕ್ ರೊಟ್ಟಿಯ ಪೊಟ್ಟಣಗಳೂ ಸಿಗುತ್ತವೆ, ಪ್ರತಿಯೊಂದರ ಮೇಲೂ ಸುಟ್ಟ ದಿನ ಬರೆದಿರುತ್ತಾರೆ. ತೇವ ತಾಗಿಸದೆ ಡಬ್ಬಿಯಲ್ಲಿಡಿ.